ಕೂಲಿ, ಬಹುಮಾನ, ಮರ್ಯಾದೆ

1899ರ ಸುಮಾರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ಅಂಗಳದಲ್ಲಿ ಬೀಡುಕಬ್ಬಿಣ ಹೊರುವ ಕೂಲಿಗಳ ತಂಡವೊಂದಿತ್ತು. ಒಂದೊಂದು ಗಟ್ಟಿಯ ತೂಕ ಸುಮಾರು 42 ಕಿಲೊ. ಬಗ್ಗಿ ಎತ್ತಬೇಕು, ಓರೆ ಹಲಗೆ ಹತ್ತಬೇಕು, ರೈಲ್ವೆ ವ್ಯಾಗನ್ನಿಗೆ ಹಾಕಿ ಇಳಿಯಬೇಕು. ಹೀಗೆ ಒಬ್ಬಾಳು ದಿನಕ್ಕೆ 12.5 ಟನ್ ಸಾಗಿಸುತ್ತಿದ್ದ. ಕಾರ್ಖಾನೆಗೆ ಸಲಹೆಗಾರನಾಗಿ ಬಂದಿದ್ದ ಎಂಜಿನಿಯರ್ ಫ್ರೆಡರಿಕ್ ವಿನ್ಸ್‌ಲೋ ಟೇಲರ್ ಆ ತಂಡದಿಂದ ಒಬ್ಬನನ್ನು ಆರಿಸಿಕೊಂಡ. ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತವನು ‘ಎತ್ತು’ ಎಂದಾಗ ಎತ್ತಬೇಕು, ‘ಕೂರು’ ಎಂದಾಗ ಕೂರಬೇಕು, ಎದುರು ಮಾತಾಡಬಾರದು. ಇಷ್ಟು ಮಾಡಿದರೆ ದಿನಗೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರುತ್ತದೆ ಎಂದು ಕರಾರಾಯಿತು. ಟೇಲರನ ಲೆಕ್ಕದ ಪ್ರಕಾರ ಆ ಆಳು ಸಂಜೆಯೊಳಗೆ 47.5 ಟನ್ ಹೊತ್ತು ಹಾಕಿದ.

ಈ ಕತೆಯನ್ನು ಟೇಲರ್ 1911ರ ತನ್ನ ‘ಪ್ರಿನ್ಸಿಪಲ್ಸ್ ಆಫ್ ಸೈಂಟಿಫಿಕ್ ಮ್ಯಾನೇಜ್‌ಮೆಂಟ್’ ಪುಸ್ತಕದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಆಳಿಗೆ ಅಲ್ಲಿ ಶ್ಮಿಟ್ ಎಂದು ಹೆಸರು. ಇಂಥ ಕೆಲಸಕ್ಕೆ ತಕ್ಕವನು ಬುದ್ಧಿಯಲ್ಲಿ ಎತ್ತಿಗೆ ಹತ್ತಿರದವನಾಗಿರಬೇಕು ಎಂಬುದು ಟೇಲರನ ಖಚಿತ ಅಭಿಪ್ರಾಯ. ಅವನ ವರ್ಣನೆಯಲ್ಲಿ ಸಾಕಷ್ಟು ಬಣ್ಣವಿದೆ ಎಂದು ಮುಂದಿನ ಇತಿಹಾಸಕಾರರು ತೋರಿಸಿಕೊಟ್ಟಿದ್ದಾರೆ; ಅದು ಹಾಗಿರಲಿ. ಆ ಪುಟಗಳಲ್ಲಿ ಟೇಲರ್ ಲಕ್ಷ್ಯವಿಲ್ಲದೆ ಬರೆದುಹೋದ ಇನ್ನೊಂದು ವಿವರವಿದೆ. ಶ್ಮಿಟ್ ಹಳೆಯ 1.15 ಡಾಲರ್ ಕೂಲಿಯಲ್ಲೇ ಒಂದು ತುಂಡು ಜಾಗ ಕೊಂಡಿದ್ದ. ಬೆಳಗ್ಗೆ ಕೆಲಸಕ್ಕೆ ಬರುವ ಮುಂಚೆ, ಸಂಜೆ ಕೆಲಸ ಬಿಟ್ಟ ಮೇಲೆ, ಅಲ್ಲಿ ತನ್ನ ಪುಟ್ಟ ಮನೆಯ ಗೋಡೆ ಕಟ್ಟುತ್ತಿದ್ದ.

ಗೋಡೆ ಕಟ್ಟುವುದಕ್ಕೆ ಅವನಿಗೆ ಯಾರೂ ಬೋನಸ್ ಕೊಡುತ್ತಿರಲಿಲ್ಲ, ಗಡಿಯಾರ ಹಿಡಿದು ಕಾಯುತ್ತಲೂ ಇರಲಿಲ್ಲ. ದಿನವಿಡೀ ಕಬ್ಬಿಣ ಹೊತ್ತವನು ಮನೆಗೆ ಹೋಗಿ ಮತ್ತೆ ಗೋಡೆ ಕಟ್ಟಲು ನಿಲ್ಲುತ್ತಾನೆಂದರೆ ಅವನೊಳಗೆ ಕೂಲಿಯ ಲೆಕ್ಕಕ್ಕೆ ಸಿಗದ ಏನೋ ಇರಬೇಕಲ್ಲ? ಟೇಲರ್ ಅದನ್ನು ಕಂಡ, ಆದರೆ ಆಳು ಗಟ್ಟಿಮುಟ್ಟಾಗಿದ್ದಾನೆ, ಕಾಸಿಗೆ ಬೆಲೆ ಕೊಡುತ್ತಾನೆ ಎನ್ನುವುದಕ್ಕೆ ಪುರಾವೆಯಾಗಿ ಮಾತ್ರ ಕಂಡ. ಯೋಚನೆ ಮೇಸ್ತ್ರಿಯದು, ಮೈ ಆಳಿನದು ಎಂದು ಅವನು ಮೊದಲೇ ತೀರ್ಮಾನಿಸಿಬಿಟ್ಟಿದ್ದ.

ಆ ತೀರ್ಮಾನ ಇವತ್ತಿಗೂ ಜೀವಂತವಾಗಿದೆ. ಮಾರಾಟದ ಟಾರ್ಗೆಟ್, ವರ್ಷಕ್ಕೊಮ್ಮೆ ಬರುವ ಅಪ್ರೈಸಲ್, ಊಟ ತಲುಪಿಸುವ ಹುಡುಗನ ಮೊಬೈಲಿನಲ್ಲಿ ಮಿನುಗುವ ‘ಇನ್ನು ನಾಲ್ಕು ಆರ್ಡರ್ ಮುಗಿಸಿದರೆ ಇನ್ಸೆಂಟಿವ್’, ಮನೆಯಲ್ಲಿ ‘ತೊಂಬತ್ತರ ಮೇಲೆ ತೆಗೆದರೆ ಸೈಕಲ್ ಕೊಡಿಸ್ತೀನಿ’ ಎಂಬ ಅಪ್ಪನ ಮಾತು, ಇವೆಲ್ಲ ಟೇಲರನ ವಂಶದವೇ. 2023ರ ಅಕ್ಟೋಬರಿನಲ್ಲಿ ಇನ್ಫೊಸಿಸ್‌ನ ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಎದ್ದ ಗದ್ದಲದಲ್ಲೂ ಬಹುಮಟ್ಟಿಗೆ ಚರ್ಚೆಯಾದದ್ದು ಗಂಟೆಗಳ ಸಂಖ್ಯೆ. ಆ ಗಂಟೆಗಳಲ್ಲಿ ದುಡಿಯುವವನನ್ನು ದುಡಿಸಿಕೊಳ್ಳುವವರು ಏನೆಂದು ಎಣಿಸಿದ್ದಾರೆ ಎಂಬ ಪ್ರಶ್ನೆ ಹಿಂದೆ ಉಳಿಯಿತು. ಇದಕ್ಕೆ ಎದುರು ದಿಕ್ಕಿನಲ್ಲಿ ಸ್ಫೂರ್ತಿಯ ಉಪನ್ಯಾಸಕಾರರಿದ್ದಾರೆ. ದುಡ್ಡು ಮುಖ್ಯವಲ್ಲ, ಕೆಲಸವನ್ನು ಪ್ರೀತಿಸಿ, ಉಳಿದದ್ದು ತಾನಾಗಿ ಬರುತ್ತದೆ ಎಂಬುದು ಅವರ ಬೋಧೆ. ಎರಡೂ ಕಡೆಯವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ ಎಂಬುದು ನನ್ನ ವಾದ. ನಾವು ಕೊಡುವ ಪ್ರತಿ ಬಹುಮಾನ, ಹಾಕುವ ಪ್ರತಿ ದಂಡ, ಎದುರಿಗಿರುವವರ ಬಗ್ಗೆ ನಮಗಿರುವ ಅಭಿಪ್ರಾಯವನ್ನು ಅವರಿಗೇ ತಿಳಿಸಿಬಿಡುತ್ತದೆ. ಅವರು ಹಣಕ್ಕೆ ಎಷ್ಟು ಸ್ಪಂದಿಸುತ್ತಾರೋ ಆ ಅಭಿಪ್ರಾಯಕ್ಕೂ ಅಷ್ಟೇ ಸ್ಪಂದಿಸುತ್ತಾರೆ. ಆದ್ದರಿಂದ ಕೆಲಸದ ಹುಮ್ಮಸ್ಸು ಮತ್ತು ಜನರೊಂದಿಗಿನ ನಡವಳಿಕೆ ಎರಡು ಬೇರೆ ವಿಷಯಗಳಲ್ಲ.

ಮನಶ್ಶಾಸ್ತ್ರದಲ್ಲಿ ಈ ವಿಚಾರ ಮೊಳೆತದ್ದು ಮಕ್ಕಳ ಚಿತ್ರ ಬಿಡಿಸುವ ಪೆನ್ನುಗಳಿಂದ ಎಂದರೆ ತಪ್ಪಾಗದು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿ ಬಿಂಗ್ ಎಂಬ ಶಿಶುವಿಹಾರವಿದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಅಲ್ಲಿನ ಮೂರರಿಂದ ಐದು ವರ್ಷದ ಮಕ್ಕಳಲ್ಲಿ, ಬಣ್ಣದ ಪೆನ್ನು ಕಂಡರೆ ತಾವಾಗಿಯೇ ಕೂತು ಗೀಚುವ ಮಕ್ಕಳನ್ನು ಆಯ್ದರು. ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ’ ಎಂದು ಬಂಗಾರದ ಬಣ್ಣದ ಮುದ್ರೆ, ರಿಬ್ಬನ್ ಇರುವ ಪ್ರಶಸ್ತಿಪತ್ರವನ್ನು ಮೊದಲೇ ತೋರಿಸಿದರು. ಎರಡನೆಯ ಗುಂಪು ಏನೂ ಗೊತ್ತಿಲ್ಲದೆ ಚಿತ್ರ ಬಿಡಿಸಿತು. ಮುಗಿದ ಮೇಲೆ ಅದೇ ಪ್ರಶಸ್ತಿಪತ್ರ ಅದಕ್ಕೆ ಅನಿರೀಕ್ಷಿತವಾಗಿ ಸಿಕ್ಕಿತು. ಮೂರನೆಯದಕ್ಕೆ ಹೇಳಿದ್ದೂ ಇಲ್ಲ, ಕೊಟ್ಟದ್ದೂ ಇಲ್ಲ. ಒಂದೆರಡು ವಾರ ಬಿಟ್ಟು ತರಗತಿಯಲ್ಲಿ ಮತ್ತೆ ಪೆನ್ನುಗಳನ್ನಿಟ್ಟು, ಯಾವ ಮಗು ತನ್ನಿಚ್ಛೆಯಿಂದ ಎಷ್ಟು ಹೊತ್ತು ಅವುಗಳ ಬಳಿ ಕಳೆಯುತ್ತದೆ ಎಂದು ಮರೆಯಿಂದ ನೋಡಿದರು. ಬಹುಮಾನಕ್ಕೆಂದೇ ಚಿತ್ರ ಬಿಡಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಹಿಡಿದರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರಿಗೂ ಏನೂ ಪಡೆಯದವರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಈ ಅಧ್ಯಯನ 1973ರಲ್ಲಿ ಪ್ರಕಟವಾಯಿತು. ಅದಕ್ಕೂ ಎರಡು ವರ್ಷ ಮೊದಲು ಎಡ್ವರ್ಡ್ ಡೆಸಿ ಕಾಲೇಜು ವಿದ್ಯಾರ್ಥಿಗಳಿಗೆ ಸೋಮಾ ಎಂಬ ಘನಾಕೃತಿಯ ಒಗಟು ಕೊಟ್ಟು ಇಂಥದೇ ಫಲಿತಾಂಶ ಕಂಡಿದ್ದರು. ಬಿಡಿಸಿದ ಒಗಟಿಗೆ ಒಂದು ಡಾಲರಿನಂತೆ ಪಡೆದವರು, ದುಡ್ಡು ನಿಂತ ಮೇಲೆ, ಬಿಡುವಿನಲ್ಲಿ ಒಗಟು ಮುಟ್ಟುವುದನ್ನೂ ಕಡಿಮೆ ಮಾಡಿದ್ದರು.

ಶಿಶುವಿಹಾರದ ಪ್ರಯೋಗದಿಂದ ‘ಬಹುಮಾನ ಕೆಟ್ಟದ್ದು’ ಎಂಬ ಪಾಠ ಕಲಿಯುವವರು ಅದನ್ನು ಅರ್ಧ ಓದಿದ್ದಾರೆ. ಎರಡು ಗುಂಪಿಗೆ ಸಿಕ್ಕಿದ್ದು ಅದೇ ರಿಬ್ಬನ್, ಅದೇ ಕಾಗದ. ಕೊನೆಗೆ ಸಿಕ್ಕ ರಿಬ್ಬನ್ ‘ನಿನ್ನ ಚಿತ್ರ ನಮಗೆ ಹಿಡಿಸಿತು’ ಎಂದಿತು. ಮೊದಲೇ ಒಡ್ಡಿದ ರಿಬ್ಬನ್ ‘ಇದು ಇಲ್ಲದಿದ್ದರೆ ನೀನು ಚಿತ್ರ ಬಿಡಿಸುತ್ತಿರಲಿಲ್ಲ’ ಎಂದಿತು. ಮಗು ಆ ಮಾತನ್ನು ನಂಬಿಬಿಟ್ಟಿತು. 1999ರಲ್ಲಿ ಡೆಸಿ, ರಿಚರ್ಡ್ ಕೋಸ್ಟ್ನರ್, ರಿಚರ್ಡ್ ರಯಾನ್ ಇಂಥ 128 ಅಧ್ಯಯನಗಳನ್ನು ಒಟ್ಟುಹಾಕಿ ತೂಗಿದಾಗ ಕಂಡ ಚಿತ್ರವೂ ಇದನ್ನೇ ಬೆಂಬಲಿಸುತ್ತದೆ. ಮೊದಲೇ ಮಾತಾಡಿಕೊಂಡು ಕೊಡುವ ವಸ್ತು, ಹಣ ಆಸಕ್ತಿಯನ್ನು ಕುಗ್ಗಿಸುತ್ತವೆ. ಮನಸಾರೆ ಆಡಿದ ಮೆಚ್ಚುಗೆ ಅದನ್ನು ಹಿಗ್ಗಿಸುತ್ತದೆ. ಈ ತೀರ್ಮಾನವನ್ನು ಒಪ್ಪದ ಸಂಶೋಧಕರೂ ಇದ್ದಾರೆ, ವಾಗ್ವಾದ ವರ್ಷಗಟ್ಟಲೆ ನಡೆದಿದೆ. ಆದರೆ ಮೊದಲೇ ಬೇಸರ ತರಿಸುವ ಕೆಲಸದಲ್ಲಿ ಬಹುಮಾನದಿಂದ ಇಂಥ ನಷ್ಟವಿಲ್ಲ ಎಂಬಲ್ಲಿ ಎರಡೂ ಪಕ್ಷಗಳು ಹತ್ತಿರ ಬರುತ್ತವೆ. ಅಲ್ಲಿ ಕಳೆದುಕೊಳ್ಳಲು ಆಸಕ್ತಿಯೇ ಇರುವುದಿಲ್ಲವಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದು ಎದುರಾಗುತ್ತದೆ. ಶಿಶುವಿಹಾರದ ಆಟ ಬೇರೆ, ಹೊಟ್ಟೆಪಾಡು ಬೇರೆ; ದುಡ್ಡು ಕೆಲಸ ಮಾಡಿಸುತ್ತದೆ ಎಂಬುದು ಲೋಕಾನುಭವ. ಈ ಆಕ್ಷೇಪಕ್ಕೆ ನಮ್ಮ ದೇಶದಲ್ಲೇ ಗಟ್ಟಿ ಆಧಾರವಿದೆ. ರಾಜಸ್ಥಾನದ ಉದಯಪುರದ ಸುತ್ತಲಿನ ಹಳ್ಳಿಗಳಲ್ಲಿ ಸೇವಾ ಮಂದಿರ ಎಂಬ ಸಂಸ್ಥೆ ಏಕೋಪಾಧ್ಯಾಯ ಶಾಲೆಗಳನ್ನು ನಡೆಸುತ್ತಿತ್ತು. ಮೇಷ್ಟ್ರುಗಳು ಆಗಾಗ ಶಾಲೆಗೆ ಬರುತ್ತಲೇ ಇರಲಿಲ್ಲ. ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅರ್ಧದಷ್ಟು ಶಾಲೆಗಳಿಗೆ ಕ್ಯಾಮೆರಾ ಕೊಡಿಸಿದರು. ಬೆಳಗ್ಗೆ ಒಂದು, ಶಾಲೆ ಬಿಡುವಾಗ ಒಂದು, ಮಕ್ಕಳೊಂದಿಗೆ ಮೇಷ್ಟ್ರ ಫೋಟೊ ತೆಗೆಯಬೇಕು. ಅದರಲ್ಲಿ ತಾರೀಖು, ಗಂಟೆ ಮೂಡುತ್ತದೆ. ಸಂಬಳ ಹಾಜರಾದ ದಿನಗಳಿಗೆ ತಕ್ಕಂತೆ. ಉಳಿದ ಶಾಲೆಗಳಲ್ಲಿ ಶೇ 42ರಷ್ಟಿದ್ದ ಗೈರುಹಾಜರಿ ಈ ಶಾಲೆಗಳಲ್ಲಿ ಶೇ 21ಕ್ಕೆ ಇಳಿಯಿತು. ಮಕ್ಕಳ ಕಲಿಕೆಯೂ ಸುಧಾರಿಸಿತು. ಅವಿಭಜಿತ ಆಂಧ್ರಪ್ರದೇಶದಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಮಕ್ಕಳ ಅಂಕಗಳ ಸುಧಾರಣೆಗೆ ತಕ್ಕಂತೆ ಶಿಕ್ಷಕರಿಗೆ ಬೋನಸ್ ಕೊಡಿಸಿ ನೋಡಿದರು. ಬೋನಸ್ ದೊಡ್ಡದೇನಲ್ಲ, ಸರಾಸರಿಯಲ್ಲಿ ವಾರ್ಷಿಕ ಸಂಬಳದ ಶೇ 3ರಷ್ಟು. ಎರಡು ವರ್ಷಗಳಲ್ಲಿ ಆ ಶಾಲೆಗಳ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಇತರರಿಗಿಂತ ಸ್ಪಷ್ಟವಾಗಿ ಮುಂದಿದ್ದರು.

ಈ ಫಲಿತಾಂಶಗಳನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಉದಯಪುರದಲ್ಲಿ ಹಣ ಏನನ್ನು ಮಾಡಿಸಿತು ಎಂದು ನೋಡಬೇಕು. ಮೇಷ್ಟ್ರನ್ನು ಶಾಲೆಗೆ ತಂದು ನಿಲ್ಲಿಸಿತು. ಬರುವುದೋ ಬಿಡುವುದೋ ಎಂಬುದು ಹೌದು-ಇಲ್ಲದ ವಿಷಯ; ಎಣಿಸಬಹುದು, ಫೋಟೊ ತೆಗೆಯಬಹುದು. ಬಂದ ದಿನಕ್ಕೆ ಸಂಬಳ ಎನ್ನುವ ನಿಯಮದಲ್ಲಿ ಅವಮಾನವೂ ಇಲ್ಲ. ಬಂದವನಿಗೂ ಬಾರದವನಿಗೂ ಒಂದೇ ಸಂಬಳ ಕೊಟ್ಟರೆ ಬಂದವನಿಗೇ ಅಲ್ಲವೇ ಅವಮಾನ? ಸಂಬಳ ಹೆಚ್ಚಿಸಿದರೆ ಸಾಕೇ ಎಂದರೆ, ಇಂಡೊನೇಷ್ಯಾ ಅದನ್ನೂ ಮಾಡಿ ನೋಡಿದೆ. ಅರ್ಹತೆಯ ಪ್ರಮಾಣಪತ್ರ ಪಡೆದ ಶಿಕ್ಷಕರ ಮೂಲವೇತನವನ್ನು ಯಾವ ಷರತ್ತೂ ಇಲ್ಲದೆ ದುಪ್ಪಟ್ಟು ಮಾಡಿತು. ಶಿಕ್ಷಕರು ಸಂತೋಷಪಟ್ಟರು, ಬೇರೆ ಕಡೆ ದುಡಿಯುವುದನ್ನು ಕಡಿಮೆ ಮಾಡಿದರು. ಮಕ್ಕಳ ಕಲಿಕೆ ಮಾತ್ರ ಇದ್ದಲ್ಲೇ ಇತ್ತು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಹಣಕ್ಕೆ ಶಕ್ತಿಯಿದೆ, ಅದು ಎಲ್ಲಿ ನಡೆಯುತ್ತದೆ ಎಂಬುದಕ್ಕೆ ಮಿತಿಯೂ ಇದೆ.

ಆ ಮಿತಿಯನ್ನು ತೋರಿಸುವ ಹಳೆಯ ಒಗಟೊಂದಿದೆ. ಜರ್ಮನ್ ಮನಶ್ಶಾಸ್ತ್ರಜ್ಞ ಕಾರ್ಲ್ ಡುಂಕರ್ ರೂಪಿಸಿದ್ದು. ಮೇಜಿನ ಮೇಲೆ ಒಂದು ಮೇಣದಬತ್ತಿ, ಬೆಂಕಿಕಡ್ಡಿಗಳು, ಒಂದು ಡಬ್ಬಿ ತುಂಬ ಡ್ರಾಯಿಂಗ್ ಪಿನ್ನುಗಳು. ಮೇಣ ಮೇಜಿನ ಮೇಲೆ ಸುರಿಯದಂತೆ ಬತ್ತಿಯನ್ನು ಗೋಡೆಗೆ ನಿಲ್ಲಿಸಬೇಕು. ಜನ ಬತ್ತಿಗೇ ಪಿನ್ನು ಚುಚ್ಚಿ ನೋಡುತ್ತಾರೆ, ಮೇಣ ಕರಗಿಸಿ ಅಂಟಿಸಲು ಹೋಗುತ್ತಾರೆ. ಉಪಾಯವಿರುವುದು ಡಬ್ಬಿಯಲ್ಲಿ. ಪಿನ್ನುಗಳನ್ನು ಸುರಿದು, ಖಾಲಿ ಡಬ್ಬಿಯನ್ನೇ ಗೋಡೆಗೆ ಚುಚ್ಚಿ, ಅದರೊಳಗೆ ಬತ್ತಿ ನಿಲ್ಲಿಸಿದರಾಯಿತು. ಪಿನ್ನು ತುಂಬಿಡುವ ಪಾತ್ರೆ ಎಂದು ಕಂಡದ್ದನ್ನು ಗೂಡಾಗಿ ಕಾಣಬೇಕು. ಸೃಜನಶೀಲತೆ ಎಂದು ನಾವು ಕರೆಯುವುದರ ತಿರುಳು ಇಷ್ಟೇ. 1962ರಲ್ಲಿ ಸ್ಯಾಮ್ ಗ್ಲಕ್ಸ್‌ಬರ್ಗ್ ಈ ಒಗಟನ್ನು ಎರಡು ಗುಂಪಿಗೆ ಕೊಟ್ಟರು. ಒಂದು ಗುಂಪಿಗೆ ಬೇಗ ಬಿಡಿಸಿದವರಿಗೆ 5 ಡಾಲರ್, ಎಲ್ಲರಿಗಿಂತ ಬೇಗ ಬಿಡಿಸಿದವರಿಗೆ 20 ಡಾಲರ್ ಎಂದು ಆಸೆ ಹುಟ್ಟಿಸಿದರು. ಇನ್ನೊಂದಕ್ಕೆ ಏನೂ ಇಲ್ಲ. ಆಸೆ ಹುಟ್ಟಿದ ಗುಂಪು ಸರಾಸರಿ ಮೂರೂವರೆ ನಿಮಿಷ ಹೆಚ್ಚು ತೆಗೆದುಕೊಂಡಿತು! ಪಿನ್ನುಗಳನ್ನು ಮೊದಲೇ ಹೊರಗೆ ಸುರಿದು ಖಾಲಿ ಡಬ್ಬಿ ಇಟ್ಟಾಗ ಮಾತ್ರ ಅದೇ ಬಹುಮಾನ ಕೈಯನ್ನು ಚುರುಕುಗೊಳಿಸಿತು. ದಾರಿ ಕಂಡಿದ್ದರೆ ಹಣ ಓಡಿಸುತ್ತದೆ. ದಾರಿಯನ್ನೇ ಹುಡುಕಬೇಕಾದಾಗ ಅದು ಕಣ್ಣಿನ ಆಚೀಚೆ ಪಟ್ಟಿ ಕಟ್ಟುತ್ತದೆ.

ಬಹುಮಾನ ತೀರ ದೊಡ್ಡದಾದರೆ ಬುದ್ಧಿಯ ಜೊತೆ ಕೈಯೂ ತಡವರಿಸುತ್ತದೆ. ಅಮೆರಿಕದ ಸಂಶೋಧಕರ ತಂಡವೊಂದು ತಮಿಳುನಾಡಿನ ಮದುರೆ ಸೀಮೆಯ ಗ್ರಾಮೀಣರಿಗೆ ನೆನಪಿನ, ಕೈಚಳಕದ ಆರು ಆಟಗಳನ್ನು ಆಡಿಸಿತು. ಚೆನ್ನಾಗಿ ಆಡಿದರೆ ಒಂದು ಆಟಕ್ಕೆ ಕೆಲವರಿಗೆ 4 ರೂಪಾಯಿ, ಕೆಲವರಿಗೆ 40, ಕೆಲವರಿಗೆ 400. ಆರೂ ಆಟಗಳಲ್ಲಿ 400 ಗೆದ್ದರೆ ಅಲ್ಲಿನವರ ಸುಮಾರು ಅರ್ಧ ವರ್ಷದ ಖರ್ಚಿನಷ್ಟು ಹಣ ಕೈಗೆ ಬರುತ್ತಿತ್ತು. ಎಲ್ಲರಿಗಿಂತ ಕಳಪೆಯಾಗಿ ಆಡಿದವರು 400ರ ಗುಂಪಿನವರು. ಸಿಇಟಿಯ ಹಿಂದಿನ ರಾತ್ರಿ ನಿದ್ದೆಗೆಟ್ಟು, ಗೊತ್ತಿದ್ದ ಉತ್ತರವನ್ನೂ ತಪ್ಪಿ ಬಂದ ಮಕ್ಕಳ ತಂದೆತಾಯಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟರಿಂದ ಬಹುಮಾನ ಗಮನವನ್ನು ಕೆಡಿಸುತ್ತದೆ ಎಂದು ಸಾಬೀತಾಗಬಹುದು, ಸಂಬಂಧವನ್ನೂ ಮಾರ್ಪಡಿಸುತ್ತದೆ ಎಂಬ ನನ್ನ ಮಾತಿಗೆ ಸಾಕ್ಷಿಯೆಲ್ಲಿ ಎಂದು ಕೇಳಬಹುದು. ಅದಕ್ಕೆ ಇಸ್ರೇಲಿನ ಹೈಫಾ ನಗರಕ್ಕೆ ಹೋಗಬೇಕು. ಅಲ್ಲಿನ ಹತ್ತು ಶಿಶುಪಾಲನಾ ಕೇಂದ್ರಗಳಲ್ಲಿ ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವು ತಂದೆತಾಯಿ ತಡವಾಗಿ ಬರುತ್ತಿದ್ದರು. ಶಿಕ್ಷಕಿಯರು ಕಾದು ಕೂರಬೇಕಿತ್ತು. ಊರಿ ಗ್ನೀಝಿ ಮತ್ತು ಆಲ್ಡೊ ರುಸ್ಟಿಕಿನಿ ಆರು ಕೇಂದ್ರಗಳಲ್ಲಿ, ಹತ್ತು ನಿಮಿಷಕ್ಕಿಂತ ತಡವಾದರೆ 10 ಶೆಕೆಲ್ ದಂಡ ಎಂಬ ನಿಯಮ ತರಿಸಿದರು. ತಡ ಕಡಿಮೆಯಾಗಬೇಕಿತ್ತು, ಸುಮಾರು ಎರಡು ಪಟ್ಟಾಯಿತು. ಅದಕ್ಕಿಂತ ಪಾಠ ಹೇಳುವ ಸಂಗತಿ ಆಮೇಲಿನದು. ಕೆಲವು ವಾರಗಳ ಬಳಿಕ ದಂಡ ತೆಗೆದುಹಾಕಿದರೂ ತಡ ಹಿಂದಿನ ಮಟ್ಟಕ್ಕೆ ಇಳಿಯಲಿಲ್ಲ.

ದಂಡ ಬರುವ ಮೊದಲು ತಡವಾದ ತಾಯಿ ಬಾಗಿಲಲ್ಲಿ ನಿಂತು ಶಿಕ್ಷಕಿಯ ಮುಖ ನೋಡಬೇಕಿತ್ತು. ಇವಳಿಗೂ ಮನೆಯಿದೆ, ನನ್ನಿಂದ ಇವಳಿಗೆ ಹೊತ್ತಾಯಿತು ಎಂಬ ಅಳುಕು ಅವಳನ್ನು ಆದಷ್ಟು ಬೇಗ ಬರುವಂತೆ ಮಾಡುತ್ತಿತ್ತು. ದಂಡ ಆ ಅಳುಕನ್ನು ಹತ್ತು ಶೆಕೆಲ್‌ಗೆ ಕೊಂಡುಕೊಂಡಿತು. ಶಿಕ್ಷಕಿಯ ಸಂಜೆಗೆ ಬೆಲೆಚೀಟಿ ಅಂಟಿದ ಮೇಲೆ ಅದು ಕೊಳ್ಳಬಹುದಾದ ಸರಕಾಯಿತು. ಚೀಟಿ ಕಿತ್ತುಹಾಕಿದರೂ ಸರಕು ಸರಕಾಗಿಯೇ ಉಳಿಯಿತು, ಈಗ ಬಿಟ್ಟಿಯಾಗಿ ಸಿಗುತ್ತಿತ್ತು ಅಷ್ಟೆ. ತಡವಾದರೆ ದಂಡ, ರಜೆ ಕೇಳಿದರೆ ಮೆಮೊ ಎಂದು ಎಲ್ಲವನ್ನೂ ನಿಯಮಕ್ಕೆ ಇಳಿಸುವ ಕಚೇರಿಗಳಲ್ಲಿ ನಡೆಯುವುದೂ ಇದೇ. ಐದು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕತ್ತರಿಸುವ ಕಡೆ, ಆರು ಗಂಟೆಗೆ ಸರಿಯಾಗಿ ಕಂಪ್ಯೂಟರ್ ಮುಚ್ಚಿ ಏಳುವ ನೌಕರನನ್ನು ದೂರುವ ಹಕ್ಕು ಯಜಮಾನನಿಗೆ ಉಳಿಯುವುದಿಲ್ಲ. ನಿಮಿಷದ ಲೆಕ್ಕ ಶುರುಮಾಡಿದವನು ಅವನೇ.

ಬರವಣಿಗೆ, ಚಿತ್ರ, ಸಂಶೋಧನೆಯಂಥ ಕೆಲಸಗಳಲ್ಲಿ ಹಣ ಕೈಗೆ ಬರಬೇಕೆಂದೇನಿಲ್ಲ, ಅದರ ಯೋಚನೆ ಸುಳಿದರೂ ಸಾಕು ಎಂದು ತೆರೇಸಾ ಅಮಾಬಿಲೆ ತೋರಿಸಿದ್ದಾರೆ. 1985ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಬರವಣಿಗೆಯನ್ನು ಗಂಭೀರವಾಗಿ ತೆಗೆದುಕೊಂಡಿದ್ದ 72 ಯುವ ಲೇಖಕರಿದ್ದರು. ಮೊದಲು ಎಲ್ಲರೂ ಒಂದು ಕಿರುಗವಿತೆ ಬರೆದರು. ಬಳಿಕ ಒಂದು ಗುಂಪಿಗೆ, ಶಬ್ದಗಳೊಡನೆ ಆಡುವ ಖುಷಿಯಂಥ ಒಳಗಿನ ಕಾರಣಗಳ ಪಟ್ಟಿ ಕೊಟ್ಟು ಕ್ರಮವಾಗಿ ಜೋಡಿಸಲು ಹೇಳಿದರು. ಇನ್ನೊಂದಕ್ಕೆ ಹಣ, ಹೆಸರು, ಒಳ್ಳೆಯ ಕೆಲಸ ಸಿಗುವುದು ಇಂಥ ಹೊರಗಿನ ಕಾರಣಗಳ ಪಟ್ಟಿ. ಕೆಲವೇ ನಿಮಿಷಗಳ ಕೆಲಸ. ಆಮೇಲೆ ಎಲ್ಲರೂ ಇನ್ನೊಂದು ಕವಿತೆ ಬರೆದರು. ಯಾರು ಯಾವ ಗುಂಪಿನವರೆಂದು ತಿಳಿಯದ ಕವಿಗಳೇ ಅಂಕ ಕೊಟ್ಟಾಗ, ಹೊರಗಿನ ಕಾರಣಗಳ ಬಗ್ಗೆ ಯೋಚಿಸಿದವರ ಎರಡನೆಯ ಕವಿತೆ ಸೊರಗಿತ್ತು. ಒಳಗಿನ ಕಾರಣಗಳ ಗುಂಪು ಗಮನಾರ್ಹವಾಗಿ ಮೇಲೇರಿರಲಿಲ್ಲ ಎಂಬುದೂ ಮುಖ್ಯ. ಅವರಲ್ಲಿ ಆ ಪ್ರೀತಿ ಮೊದಲೇ ಇತ್ತು, ಯಾರೂ ತುಂಬಬೇಕಿರಲಿಲ್ಲ. ಹಾಗೆಂದ ಮೇಲೆ ಮೇಷ್ಟ್ರ, ಸಂಪಾದಕರ, ಮ್ಯಾನೇಜರರ ಮೊದಲ ಕರ್ತವ್ಯ ಸ್ಫೂರ್ತಿ ತುಂಬುವುದಲ್ಲ, ಇರುವುದನ್ನು ಕೆಡಿಸದಿರುವುದು. ವಿಜ್ಞಾನ ಪ್ರದರ್ಶನಕ್ಕೆ ಮಗು ಏನು ಮಾಡಲು ಹೊರಟಿದೆ ಎಂದು ಕೇಳುವ ಮುಂಚೆ ‘ಇದಕ್ಕೆ ಎಷ್ಟು ಮಾರ್ಕ್ಸು?’ ಎನ್ನುವ ಮನೆಗಳಲ್ಲಿ ಕೆಡಿಸುವ ಕೆಲಸ ಎಷ್ಟು ಸಲೀಸಾಗಿ ನಡೆಯುತ್ತದೆ!

ಕೆಡಿಸದಿದ್ದರೆ ಸಾಕೇ? ಪೋಷಿಸುವುದು ಹೇಗೆ? ಇಲ್ಲಿ ಮನುಷ್ಯರೊಂದಿಗಿನ ನಡವಳಿಕೆ ನೇರವಾಗಿ ಚಿತ್ರಕ್ಕೆ ಬರುತ್ತದೆ. ಆಡಂ ಗ್ರಾಂಟ್ ಎಂಬ ಮನಶ್ಶಾಸ್ತ್ರಜ್ಞರು ಮಿಷಿಗನ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ವಿದ್ಯಾರ್ಥಿವೇತನಕ್ಕೆ ಹಣ ಕೇಳುವ ಕಾಲ್ ಸೆಂಟರ್ ಅನ್ನು ಅಧ್ಯಯನ ಮಾಡಿದರು. ಕರೆ ಮಾಡಿದವರಿಗೆ ಸಿಗುವುದು ಹೆಚ್ಚಾಗಿ ಬೈಗುಳ ಅಥವಾ ಕಟ್ ಆದ ಫೋನು. ಅವರಲ್ಲಿ ಕೆಲವರಿಗೆ, ಆ ಹಣದಿಂದ ಓದುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ಕೆಲ ನಿಮಿಷ ಭೇಟಿ ಮಾಡಿಸಿದರು. ಒಂದು ತಿಂಗಳ ನಂತರ ಅವರು ಫೋನಿನಲ್ಲಿ ಕಳೆಯುವ ಹೊತ್ತು ದುಪ್ಪಟ್ಟನ್ನೂ ದಾಟಿತ್ತು. ತಂದ ಹಣ ಶೇ 171ರಷ್ಟು ಏರಿತ್ತು. ಅಂಥ ವಿದ್ಯಾರ್ಥಿಯ ಪತ್ರ ಮಾತ್ರ ಓದಿದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಪ್ರಯೋಗ ಚಿಕ್ಕದು, ಎಲ್ಲ ಕಡೆ ಇಷ್ಟೇ ಏರಿಕೆ ನಿರೀಕ್ಷಿಸುವುದು ಮೂರ್ಖತನ. ಆದರೆ ಅದರ ದಿಕ್ಕು ಸ್ಪಷ್ಟ. ಸಂಬಳ ಬದಲಾಗಲಿಲ್ಲ, ಟಾರ್ಗೆಟ್ ಬದಲಾಗಲಿಲ್ಲ. ನಿನ್ನ ಕೆಲಸ ಯಾರಿಗೆ ಮುಟ್ಟಿತು ಎಂದು ತಿಳಿಯುವ ಹಕ್ಕು ನಿನಗಿದೆ ಎಂದು ಯಾರೋ ಎಣಿಸಿದರು.

ಇನ್ನೊಂದು ಅಧ್ಯಯನ ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಅವರದು, 1996ರಲ್ಲಿ ಪ್ರಕಟವಾದದ್ದು. ಎರಡು ಆಸ್ಪತ್ರೆಗಳ ಎಂಟು ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅವರು ಲೆಕ್ಕಹಾಕುತ್ತಿದ್ದರು. ಒಗ್ಗಟ್ಟಿರುವ, ಒಳ್ಳೆಯ ನಾಯಕತ್ವದ ತಂಡಗಳಲ್ಲಿ ತಪ್ಪು ಕಡಿಮೆಯಿರಬೇಕೆಂಬುದು ಅವರ ನಿರೀಕ್ಷೆ. ಅಂಕಿಅಂಶ ಉಲ್ಟಾ ಬಂತು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು. ಈ ಅಂಕಿಗಳು ಗೊತ್ತಿಲ್ಲದ ಸಹಾಯಕನೊಬ್ಬನನ್ನು ವಾರ್ಡುಗಳಿಗೆ ಕಳಿಸಿ, ಜನ ಹೇಗೆ ಮಾತಾಡುತ್ತಾರೆ ಎಂದು ನೋಡಿಸಿದಾಗ ಗಂಟು ಬಿಚ್ಚಿತು. ಆ ತಂಡಗಳಲ್ಲಿ ತಪ್ಪು ಹೆಚ್ಚು ನಡೆಯುತ್ತಿತ್ತು ಎನ್ನುವುದಕ್ಕಿಂತ, ನಡೆದದ್ದನ್ನು ಹೇಳಿಕೊಳ್ಳಲು ನರ್ಸುಗಳು ಹೆದರುತ್ತಿರಲಿಲ್ಲ. ಮುಖ್ಯ ನರ್ಸ್ ಬಿರುಸಾಗಿದ್ದ ವಾರ್ಡುಗಳಲ್ಲಿ ತಪ್ಪು ಕಾಗದಕ್ಕೇ ಇಳಿಯುತ್ತಿರಲಿಲ್ಲ. ‘ಸಾಹೇಬ್ರಿಗೆ ಗೊತ್ತಾಗದ ಹಾಗೆ ನೋಡ್ಕೊಳ್ಳಿ’ ಎಂಬ ಮಾತು ಕೇಳದ ಕಚೇರಿ ನಮ್ಮಲ್ಲಿ ಎಷ್ಟಿವೆ? ಅಲ್ಲಿ ಎಲ್ಲ ವರದಿಗಳೂ ಸ್ವಚ್ಛವಾಗಿರುತ್ತವೆ, ಸೇತುವೆ ಕುಸಿಯುವ ದಿನದವರೆಗೆ. ಕೂಗಾಡದಿರುವುದು ಸೌಜನ್ಯದ ಮಾತಷ್ಟೇ ಎಂದು ತಿಳಿದವರು ಇದನ್ನು ಗಮನಿಸಬೇಕು. ಬೈಯುವ ಅಧಿಕಾರಿಗೆ ಸುಳ್ಳು ಮಾಹಿತಿ ಸಿಗುತ್ತದೆ, ಆ ಮಾಹಿತಿಯ ಮೇಲೆ ಅವನು ತಪ್ಪು ನಿರ್ಧಾರ ಮಾಡುತ್ತಾನೆ. ಹೊಸ ಯೋಚನೆಯೂ ಹುಟ್ಟುವಾಗ ತಪ್ಪಿನ ಹಾಗೇ ಕಾಣುವುದರಿಂದ, ತಪ್ಪು ಹೇಳಲು ಹೆದರುವ ಕಡೆ ಹೊಸದನ್ನು ಹೇಳಲೂ ಯಾರೂ ಬಾಯಿ ತೆರೆಯುವುದಿಲ್ಲ.

ಇವೆಲ್ಲ ಪಾಶ್ಚಾತ್ಯರ ಸಂಗತಿ, ಸ್ವಾತಂತ್ರ್ಯ ಎಂದರೆ ಪ್ರಾಣ ಬಿಡುವವರ ಮನಶ್ಶಾಸ್ತ್ರ, ಹಿರಿಯರ ಮಾತಿನಂತೆ ನಡೆಯುವ ನಮಗೆ ಹೊಂದದು ಎನ್ನುವವರಿದ್ದಾರೆ. ಪ್ರಶ್ನೆ ಹುಸಿಯಲ್ಲ. ಭಾರತೀಯ ಮೂಲದ ಶೀನಾ ಅಯ್ಯಂಗಾರ್ ತಮ್ಮ ಗುರು ಲೆಪ್ಪರ್ ಜೊತೆ 1999ರಲ್ಲಿ ಇದನ್ನೇ ಪರೀಕ್ಷಿಸಿದರು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ ಅಕ್ಷರ ಜೋಡಿಸುವ ಒಗಟುಗಳನ್ನು ಕೊಟ್ಟರು. ಕೆಲವರು ಒಗಟನ್ನು ತಾವೇ ಆರಿಸಿಕೊಂಡರು. ಕೆಲವರಿಗೆ ಪರೀಕ್ಷಕಿ ಆರಿಸಿಕೊಟ್ಟಳು. ಇನ್ನು ಕೆಲವರಿಗೆ ‘ಇದನ್ನು ನಿನ್ನಮ್ಮ ಆರಿಸಿದ್ದಾಳೆ’ ಎಂದರು. ಬಿಳಿಯ ಮಕ್ಕಳು ತಾವೇ ಆರಿಸಿದ್ದನ್ನು ಚೆನ್ನಾಗಿ ಮಾಡಿದರು. ಏಷ್ಯಾ ಮೂಲದ ಮಕ್ಕಳು ಎಲ್ಲಕ್ಕಿಂತ ಚೆನ್ನಾಗಿ ಮಾಡಿದ್ದು ಅಮ್ಮ ಆರಿಸಿದ್ದನ್ನು. ಆದರೆ ಗುರುತಿಲ್ಲದ ಪರೀಕ್ಷಕಿ ಆರಿಸಿಕೊಟ್ಟಾಗ ಈ ಮಕ್ಕಳೂ ಹಿಂದೆ ಬಿದ್ದರು. ಅಂದರೆ ನಮ್ಮವರು ಆಜ್ಞೆಗೆ ಅರಳುತ್ತಾರೆ ಎಂದು ಇದರಿಂದ ಹೇಳಲಾಗದು. ನನ್ನ ಹಿತ ಬಯಸುವವರು ಎಂಬ ನಂಬಿಕೆಯಿದ್ದರೆ ಅವರ ಆಯ್ಕೆಯನ್ನೂ ನಮ್ಮದನ್ನಾಗಿ ಮಾಡಿಕೊಳ್ಳುತ್ತೇವೆ. ಆ ನಂಬಿಕೆಯನ್ನು ಹುದ್ದೆ ತಂದುಕೊಡುವುದಿಲ್ಲ, ನಡವಳಿಕೆ ತಂದುಕೊಡಬೇಕು. ‘ನಾವೆಲ್ಲ ಒಂದೇ ಕುಟುಂಬ’ ಎಂದು ಗೋಡೆಯ ಮೇಲೆ ಬರೆಸಿ, ಲಾಭ ಇಳಿದ ತಿಂಗಳು ಇಮೇಲಿನಲ್ಲಿ ಕೆಲಸದಿಂದ ತೆಗೆಯುವ ಕಂಪನಿಗಳಿಗೆ ಅಮ್ಮನ ಸ್ಥಾನ ಸಿಗದಿರುವುದು ಸಹಜವೇ.

ಇಷ್ಟು ಹೇಳಿದ ಮೇಲೆ ಈ ವಿಚಾರ ದುರುಪಯೋಗವಾಗುವ ಬಗೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಒಳಗಿನ ಪ್ರೀತಿಯ ಮಾತು ಬಹುಬೇಗ ಕಡಿಮೆ ಸಂಬಳದ ಸಮರ್ಥನೆಯಾಗುತ್ತದೆ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ ಕಾರ್ಯಕರ್ತೆಯರನ್ನು ನೋಡಿ. ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದರೆ ಇಷ್ಟು, ಮಗುವಿಗೆ ಲಸಿಕೆ ಪೂರ್ತಿ ಹಾಕಿಸಿದರೆ ಇಷ್ಟು ಎಂದು ಬಿಡಿಬಿಡಿಯಾಗಿ ಪ್ರೋತ್ಸಾಹಧನ, ಜೊತೆಗೊಂದಿಷ್ಟು ಗೌರವಧನ. ಅವರು ಸ್ವಯಂಸೇವಕಿಯರು, ಆದ್ದರಿಂದ ಸಂಬಳವಿಲ್ಲ ಎಂಬುದು ವಾದ. ಕೊರೊನಾ ಕಾಲದಲ್ಲಿ ಮನೆಮನೆ ಸುತ್ತಿದ ಇವರನ್ನು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಜಾಗತಿಕ ಪ್ರಶಸ್ತಿ ಕೊಟ್ಟು ಗೌರವಿಸಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 15 ಸಾವಿರ ನಿಗದಿತ ವೇತನ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಧರಣಿ ಕೂತರು. ಪ್ರಶಸ್ತಿಯ ನಂತರವೂ ಸಂಬಳಕ್ಕಾಗಿ ರಸ್ತೆಗಿಳಿಯಬೇಕಾದವರ ಮುಂದೆ ‘ಸೇವೆಗೆ ಬೆಲೆ ಕಟ್ಟಲಾಗದು’ ಎನ್ನುವುದು ಕ್ರೌರ್ಯ. ಹೊಟ್ಟೆ ತುಂಬದ ಕೂಲಿಯೂ ಮಾತಾಡುತ್ತದೆ, ‘ನೀನು ಇಷ್ಟಕ್ಕೇ ಸಾಕು’ ಎನ್ನುತ್ತದೆ.

ಇಂಥ ಹೊತ್ತಿನಲ್ಲಿ ಕಾಯಕದ ಆದರ್ಶವನ್ನು ಎಳೆದು ತರುವ ಭಾಷಣಕಾರರು ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನ ಕತೆಯನ್ನು ಮತ್ತೊಮ್ಮೆ ಕೇಳಿಸಿಕೊಳ್ಳಬೇಕು. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಹಾಕಿ ಬರಲು ಹೇಳಿದವಳು ಅವಳು. ಸಾಕು ಎಂದವರು ದುಡಿದು ತಂದ ಮನೆಯವರು. ದುಡಿಸಿಕೊಳ್ಳುವವನು ಬಂದು ‘ನಿನಗೆ ಇಷ್ಟು ಸಾಕು’ ಎಂದದ್ದಲ್ಲ. ಈ ವ್ಯತ್ಯಾಸವನ್ನು ಅಳಿಸಿದರೆ ಕಾಯಕ ಬಿಟ್ಟಿಚಾಕರಿಯಾಗುತ್ತದೆ.

ಹಾಗಾದರೆ ನಾಲ್ಕು ಜನರ ಕೆಲಸ ನೋಡಿಕೊಳ್ಳುವ ಯಾರೇ ಆದರೂ, ಅಂಗಡಿಯ ಯಜಮಾನರಿರಲಿ, ಶಾಲೆಯ ಮುಖ್ಯೋಪಾಧ್ಯಾಯರಿರಲಿ, ಸಾಫ್ಟ್‌ವೇರ್ ತಂಡದ ಲೀಡ್ ಇರಲಿ, ಏನು ಮಾಡಬೇಕು? ನನಗೆ ಕಾಣುವ ಕ್ರಮ ಹೀಗಿದೆ. ಮೊದಲು ನ್ಯಾಯವಾದ ಕೂಲಿ, ಅದೂ ತಿಂಗಳ ಖರ್ಚಿನ ಚಿಂತೆ ತಲೆಯಿಂದ ಇಳಿಯುವಷ್ಟು, ಹೇಳಿದ ದಿನಕ್ಕೆ. ಎಣಿಸಬಹುದಾದ, ಬೇಸರದ ಕೆಲಸಕ್ಕೆ ಎಣಿಸಿಯೇ ಹಣ ಕೊಡಬಹುದು. ಆದರೆ ಅದು ಬೇಸರದ ಕೆಲಸವೆಂದು ಒಪ್ಪಿಕೊಂಡು, ಯಾಕೆ ಆಗಲೇಬೇಕು ಎಂದು ಹೇಳಿ. ಯೋಚಿಸಬೇಕಾದ ಕೆಲಸದ ಮುಂದೆ ಬಹುಮಾನ ತೂಗುಹಾಕಬಾರದು. ಏನಾಗಬೇಕೆಂದು ಹೇಳಿ, ಹೇಗೆಂಬುದನ್ನು ಮಾಡುವವರಿಗೆ ಬಿಡಬೇಕು. ಕೆಲಸ ಚೆನ್ನಾಗಿ ಆದಾಗ ‘ಗುಡ್ ಜಾಬ್’ ಎಂಬ ಸವಕಲು ಮಾತಿನ ಬದಲು ಏನು ಚೆನ್ನಾಗಿತ್ತು ಎಂದು ಬಿಡಿಸಿ ಹೇಳಬೇಕು. ಕೆಲಸದ ಫಲ ಯಾರಿಗೆ ಮುಟ್ಟುತ್ತದೋ ಅವರ ಮುಖ ತೋರಿಸಬೇಕು. ತಪ್ಪಾಯಿತೆಂದು ತಾನಾಗಿ ಬಂದು ಹೇಳಿದವರಿಗೆ, ಹೇಳಿದ್ದಕ್ಕೆ ಪಶ್ಚಾತ್ತಾಪ ಪಡುವ ಸ್ಥಿತಿ ತರಬಾರದು.

ಇದರಲ್ಲಿ ಕೂಲಿಯ ವಿಷಯ ಬಿಟ್ಟರೆ ಯಾವುದಕ್ಕೂ ಕಾಸು ಖರ್ಚಿಲ್ಲ. ಆದರೂ ಇವು ಅಪರೂಪ, ಏಕೆಂದರೆ ಇವಕ್ಕೆ ಕಾಸಿಗಿಂತ ಬಿಡಲು ಕಷ್ಟವಾದದ್ದನ್ನು ಬಿಡಬೇಕು: ಎದುರಿನವರಿಗಿಂತ ನನಗೆ ಹೆಚ್ಚು ಗೊತ್ತು ಎಂಬ ಮೇಸ್ತ್ರಿತನವನ್ನು. ಬೋನಸ್ ಕೊಡುವವನಿಗೆ ತನ್ನ ಬಗ್ಗೆ ಯಾವ ಪ್ರಶ್ನೆಯನ್ನೂ ಕೇಳಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಚೆಕ್ಕಿಗೆ ಸಹಿ ಹಾಕಿದರೆ ಮುಗಿಯಿತು. ಮರ್ಯಾದೆ ಕೊಡುವವನು ಮಾತ್ರ ಕೇಳಿಸಿಕೊಳ್ಳಬೇಕು, ಕೇಳಿಸಿಕೊಂಡ ಮೇಲೆ ತನ್ನ ನಿರ್ಧಾರವನ್ನೂ ಬದಲಿಸಬೇಕಾಗಿ ಬರಬಹುದು. ಅದಕ್ಕೆ ತಯಾರಿಲ್ಲದವರು ಎಷ್ಟೇ ಹೊಸ ಪ್ರೋತ್ಸಾಹ ಯೋಜನೆ ತಂದರೂ ಅವರಿಗೆ ಜನರ ಹೊತ್ತು ಸಿಗುತ್ತದೆ, ಮನಸ್ಸು ಸಿಗುವುದಿಲ್ಲ. ಹೊತ್ತಿನಿಂದಲೇ ಮುಗಿಯುವ ಕೆಲಸಗಳನ್ನು ಒಂದೊಂದಾಗಿ ಯಂತ್ರಗಳು ವಹಿಸಿಕೊಳ್ಳುತ್ತಿರುವ ಈ ಕಾಲದಲ್ಲಿ, ದುಡಿಯುವವರ ಮನಸ್ಸನ್ನು ಗಳಿಸಲಾಗದ ಸಂಸ್ಥೆ ಕೊಡುವ ಸಂಬಳವೆಲ್ಲ ದಂಡವೇ.